ಹತ್ತು ಹೂಂ

ನಮ್ಮಜ್ಜಿ ಲಕ್ಷ್ಮೀದೇವಮ್ಮ ಕೈಕಟ್ಟಿ ಕೂತು ಕತೆ ಹೇಳಿದ್ದನ್ನು ನಾನು ಕಂಡವಳಲ್ಲ. ಅವರೆಕಾಯಿ ಸುಲಿಯುವಾಗ ಒಂದು ಕತೆ, ಹುಣಸೆಹಣ್ಣು ಬಿಡಿಸುವಾಗ ಒಂದು, ನನ್ನ ತಲೆ ಬಾಚುವಾಗ ಸಿಕ್ಕು ಎಷ್ಟಿದೆಯೋ ಅಷ್ಟು ಉದ್ದದ್ದು ಇನ್ನೊಂದು. ಎಲ್ಲಕ್ಕಿಂತ ಉದ್ದದ ಕತೆ ಶಾವಿಗೆ ಒರಳಿನದು. ಶಾವಿಗೆ ಒತ್ತುವ ದಿನ ಬಿಟ್ಟು ಬೇರೆ ದಿನ ಅದನ್ನು ಹೇಳೆಂದರೆ, "ಕೈಯಾಡ್ದೆ ಬಾಯಾಡಲ್ಲ ಕಣೆ ಭೂಮಿ" ಅನ್ನುತ್ತಿದ್ದಳು.

ಆ ಒರಳು ಅಜ್ಜಿಯ ಜೊತೆ ರಾಯಕೋಟೆಯಿಂದ ಬಂದದ್ದು. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ನಡುವೆ ಹಿತ್ತಾಳೆಯ ಕೊಳವೆ, ಕೊಳವೆಯ ತಳದಲ್ಲಿ ತೂತುಗಳ ಬಿಲ್ಲೆ. ಮೇಲಿನ ಅಡ್ಡಪಟ್ಟಿಗೆ ಬೆಸೆದು ಕೂರಿಸಿದ ಹಿತ್ತಾಳೆ ನಟ್ಟು. ಆ ನಟ್ಟಿನೊಳಗೆ ಸುತ್ತುಸುತ್ತಾಗಿ ಇಳಿಯುವ ಹೆಬ್ಬೆರಳಿಗಿಂತ ದಪ್ಪನೆಯ ತಿರುಪು, ಅದರ ತಲೆಗೆ ಎರಡು ಕೈಹಿಡಿ. ಬೇಯಿಸಿದ ರಾಗಿ ಉಂಡೆಯನ್ನು ಬಿಸಿ ಇರುವಾಗಲೇ ಕೊಳವೆಗೆ ತುಂಬಿ ಹಿಡಿ ತಿರುಗಿಸಿದರೆ ಕೆಳಗೆ ಬಾಳೆಲೆಯ ಮೇಲೆ ಶಾವಿಗೆ ಸುರುಳಿ ಸುತ್ತಿಕೊಂಡು ಬೀಳುತ್ತಿತ್ತು. ಹಾಗೆ ಒಂದು ಸಲ ತುಂಬಿ ಖಾಲಿ ಮಾಡುವುದಕ್ಕೆ ನಮ್ಮ ಮನೆಯಲ್ಲಿ ಒಂದು ತುಂಬು ಅನ್ನುತ್ತೇವೆ.

ಅದಕ್ಕೊಂದು ಕಟ್ಟಳೆಯಿತ್ತು. ಅಜ್ಜಿ ಕೊಳವೆಯ ಮೇಲೆ ಎಡಗೈ ಇಟ್ಟು ಕತೆಯ ಒಂದು ಮಾತು ಹೇಳುತ್ತಾಳೆ. ಹಿಡಿ ಹಿಡಿದವರು "ಹೂಂ" ಎಂದು ಒಂದೇ ಒಂದು ಸುತ್ತು ತಿರುಗಿಸಬೇಕು. ಇನ್ನೊಂದು ಮಾತು, ಇನ್ನೊಂದು ಹೂಂ, ಇನ್ನೊಂದು ಸುತ್ತು. ಅವಸರ ಮಾಡಿದರೆ ಎಳೆ ಹರಿಯುತ್ತದೆ, ತಡಮಾಡಿದರೆ ಹಿಟ್ಟು ಆರುತ್ತದೆ. ಕತೆಯೇ ಅದರ ಗಡಿಯಾರ.

ಆದರೆ ನನಗೆ ಆ ಕತೆಯ ಕೊನೆ ಗೊತ್ತಿರಲಿಲ್ಲ. ಮೊದಲನೆಯ ತುಂಬಿನ ಶಾವಿಗೆ ಮನೆಯ ಚಿಕ್ಕವರಿಗೆ ಎಂಬುದು ಇನ್ನೊಂದು ಕಟ್ಟಳೆ. ಮನೆಗೆ ಚಿಕ್ಕವಳು ನಾನೊಬ್ಬಳೇ. ಕಾಯಿಹಾಲು, ಬೆಲ್ಲ ಸುರಿದ ತಟ್ಟೆ ಕೈಗೆ ಬಂದ ಕೂಡಲೇ ಜಗಲಿಗೆ ಓಡುತ್ತಿದ್ದೆ. ದೊಡ್ಡವಳಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಕತೆಯಲ್ಲಿ ಇಬ್ಬರು ಅಕ್ಕತಂಗಿಯರು ಬೆಟ್ಟ ಹತ್ತಲು ಹೊರಟಿದ್ದಷ್ಟೇ ನನಗೆ ಸಿಕ್ಕಿದ್ದು. ಮುಂದಿನದನ್ನು ಕನಸಿನಲ್ಲಿ ನಾನೇ ಕಟ್ಟಿಕೊಳ್ಳುತ್ತಿದ್ದೆ. ಕೆಲವು ಸಲ ಅವರು ಮೋಡವಾಗುತ್ತಿದ್ದರು, ಕೆಲವು ಸಲ ಬಂಡೆ. ಒಮ್ಮೆ ಬೆಟ್ಟವೇ ಎದ್ದು ನಿಂತು ಇಬ್ಬರನ್ನೂ ಕಿವಿಗೆ ಓಲೆ ಮಾಡಿಕೊಂಡು ಕೃಷ್ಣಗಿರಿ ಕಡೆಗೆ ನಡೆದುಹೋಯಿತು.

ಅಮ್ಮನನ್ನು ಕೇಳಿದರೆ, "ಯಾರೇ ಕೇಳಿಸ್ಕೊಂಡ್ರು? ಬಾಯಿ ಹೂಂ ಅಂತಿತ್ತು, ಕಣ್ಣು ಒಲೆ ಮೇಲಿನ ಉಂಡೆ ಕಡೆ ಇತ್ತು" ಅಂದಳು. ನಮ್ಮಮ್ಮ ಕಮಲಮ್ಮ ಹಾಗೆಯೇ. ಹದಿನೈದು ವರ್ಷ ಹೂಂಗುಟ್ಟಿದ್ದಾಳೆ, ಒಂದು ಮಾತೂ ಉಳಿದಿಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ಹೊತ್ತಿಗೆ ಅಜ್ಜಿಯ ನೆನಪು ಸವೆಯುತ್ತಿತ್ತು. ಬೆಳಗಿನ ತಿಂಡಿ ತಿಂದದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ನನ್ನನ್ನು ಒಮ್ಮೊಮ್ಮೆ "ರಾಮಕ್ಕ" ಎಂದು ಕರೆಯುತ್ತಿದ್ದಳು. ರಾಮಕ್ಕ ಅವಳ ಸ್ವಂತ ಅಕ್ಕ, ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಒರಳೂ ಕೆಟ್ಟು ಎರಡು ವರ್ಷವಾಗಿತ್ತು. ತುಕ್ಕು ತಿಂದು ತಿರುಪಿನ ಎಳೆ ಜಾರುತ್ತಿದೆ ಎಂದು ಅಮ್ಮ ವೆಲ್ಡಿಂಗ್ ಅಂಗಡಿಗೆ ಕೊಟ್ಟಿದ್ದಳು. ಆ ಪುಣ್ಯಾತ್ಮ ಎರಡು ತುದಿಗೂ ಕಬ್ಬಿಣ ಕರಗಿಸಿ ಮೆತ್ತಿ, ನಡುವೆ ನಾಲ್ಕು ಬೆರಳಷ್ಟು ಮಾತ್ರ ಎಳೆ ಉಳಿಸಿ ವಾಪಸು ಕೊಟ್ಟಿದ್ದ.

ಒಂದು ಸಂಜೆ ಅಜ್ಜಿಯ ಕಾಲೊತ್ತುತ್ತಾ, "ಅಕ್ಕತಂಗೀರು ಕೊನೇಗೆ ಏನಾದ್ರಜ್ಜಿ?" ಎಂದು ಕೇಳಿದೆ.

ಅವಳು ತುಂಬ ಹೊತ್ತು ಗೋಡೆ ನೋಡಿದಳು. "ಯಾವ ಅಕ್ಕತಂಗೀರು?" ಅಂದಳು.

ಅವತ್ತೇ ನನಗೆ ಭಯ ಹತ್ತಿತು. ಒರಳು ತಿರುಗಿದರೆ ಅವಳ ಕೈಗೆ ನೆನಪಾಗುತ್ತದೆ, ಕೈಯಿಂದ ಬಾಯಿಗೆ ಬರುತ್ತದೆ ಎಂದು ಅನ್ನಿಸಿತು. ಅದೂ ಬೇಗ ತಿರುಗಬೇಕು. ನಾಳೆ ನಾಳೆ ಅಂದರೆ ಕತೆಯೇ ಇರುವುದಿಲ್ಲ.

ನಮ್ಮಪ್ಪ ವೆಂಕಟರಮಣಪ್ಪ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಟರ್ನರ್. ಅವಲಪಲ್ಲಿಯ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯ, ಕಬ್ಬಿಣ ತಿರುಗಿಸಿ ಕಡೆಯುವ ಹಳೆಯ ಲೇತು ಯಂತ್ರ ಇಟ್ಟುಕೊಂಡಿದ್ದರು. ರಜೆ ಬಂದರೆ ಅವರಿಗೆ ಅದೇ ದೇವರ ಮನೆ. ಒರಳಿನ ಕೆಲಸ ಹೇಳಿದಾಗಲೆಲ್ಲ "ಮಾಡೋಣ" ಅನ್ನುತ್ತಿದ್ದವರು, ಈ ಸಲ ನನ್ನ ಮುಖ ನೋಡಿ ಎದ್ದರು. ಅಮ್ಮನೂ ಒಂದು ಗಡುವು ಹಾಕಿದಳು.

"ಈ ಭಾನುವಾರ ಬಿಟ್ಟು ಆಚೆ ಭಾನುವಾರದೊಳಗೆ ಅದು ತಿರುಗ್ಬೇಕು. ಇಲ್ದಿದ್ರೆ ಸೋಮವಾರ ಪಾಪಯ್ಯಂಗೆ ಎತ್ತಾಕ್ತೀನಿ. ಎಡವಿ ಎಡವಿ ನನ್ನ ಕಾಲ್ಬೆರಳು ಹೋಯ್ತು."

ಪಾಪಯ್ಯ ನಮ್ಮ ಬೀದಿಯ ಗುಜರಿಯವನು. ಅಪ್ಪನಿಗೆ ಕಬ್ಬಿಣ ಕೊಡುವವನೂ ಅವನೇ. ಯಾವುದೋ ಲಾರಿಯ ಎರಡು ತುಂಡು ಶಾಫ್ಟು ತಂದು ಶೆಡ್ಡಿನ ಬಾಗಿಲಲ್ಲಿ ಹಾಕಿದ. "ಅಣ್ಣೋ, ಇಷ್ಟು ದಪ್ಪದ್ದು ಎರಡೇ ಪೀಸು ಇದ್ದಿದ್ದು. ಕೆಡಿಸ್ಬುಟ್ಟು ಮತ್ತೆ ಬಂದ್ರೆ ನನ್ನ ಕೈಲಿ ಇಲ್ಲೈ" ಎಂದು ತಮಿಳಿನಲ್ಲಿ ಮುಗಿಸಿದ.

"ನಾನು ಕೆಡ್ಸಾದಾ? ಹೋಗ್ಲಾ ಲೇ! ಇಪ್ಪತ್ತೆಂಟು ವರ್ಷ ಆಯ್ತು ಲೇತು ಹಿಡ್ದು."

ಮೊದಲ ಭಾನುವಾರ ಅಪ್ಪ ಹಳೆಯ ತಿರುಪನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಿಟಕಿಯ ಬೆಳಕಿಗೆ ಹಿಡಿದರು. ಫ್ಯಾಕ್ಟರಿಯ ತಮಿಳಿನಲ್ಲಿ ತಿರುಪಿನ ಸುತ್ತಿಗೆ ಮರೈ ಅನ್ನುತ್ತಾರಂತೆ. ಅಪ್ಪ ಮನೆಯಲ್ಲಿ ಹಲ್ಲು ಅನ್ನುತ್ತಾರೆ, ಅಜ್ಜಿ ಎಳೆ ಅನ್ನುತ್ತಾಳೆ. ಉಕ್ಕಿನ ಸ್ಕೇಲನ್ನು ಹಲ್ಲುಗಳ ಉದ್ದಕ್ಕೆ ಇಟ್ಟು ಎಣಿಸಿದರು. ಎರಡು ಇಂಚಿನಲ್ಲಿ ಎಂಟು ಹಲ್ಲು. ವರ್ನಿಯರಿನಲ್ಲಿ ಹೊರಗಿನ ದಪ್ಪ ನೋಡಿದರು, ಹಲ್ಲಿನ ಬುಡದ ದಪ್ಪ ನೋಡಿದರು. ತುಕ್ಕು ತಿಂದಷ್ಟನ್ನು ಅಂದಾಜು ಮಾಡಿ ಸೇರಿಸಿದರು. ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಇಂಚಿಗೆ ನಾಲ್ಕು. ಚೌಕ ಹಲ್ಲು. ಆಳ ಒಂದೆಂಟನೇ ಇಂಚು.

"ಹಳೇ ಕಾಲದ್ದು ಮಗಾ, ಎಲ್ಲಾ ಇಂಚು ಲೆಕ್ಕ. ನನ್ನ ಲೇತೂ ಇಂಚಿಂದೇ. ಸುಲಭ" ಅಂದರು.

ಆ ವರ್ಷ ಹಗಲೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಬಂದಾಗ ಲೇತು ಗುನುಗುತ್ತಿತ್ತು, ಹೋದಾಗ ಬೇವಿನ ಮರದ ಅಳಿಲು. ನಾನು ಕೊಬ್ಬರಿ ಎಣ್ಣೆಯನ್ನು ಬ್ರಷ್ಷಿನಲ್ಲಿ ಹಚ್ಚುತ್ತ ನಿಂತಿದ್ದೆ. ಉಕ್ಕಿನ ಸಿಪ್ಪೆ ನೀಲಿಯಾಗಿ ಸುರುಳಿ ಸುತ್ತಿ ಬೀಳುವುದು ಶಾವಿಗೆಯ ಹಾಗೇ ಕಾಣುತ್ತಿತ್ತು. ಕಬ್ಬಿಣದ ಊರಿನಲ್ಲಿ ಕಬ್ಬಿಣದ ಅಜ್ಜಿಯೊಬ್ಬಳು ಕೂತು ಒತ್ತುತ್ತಿದ್ದಾಳೆ, ಅವಳ ಮೊಮ್ಮಗಳು ಬಿಸಿ ತಟ್ಟೆ ಹಿಡಿದು ಓಡುತ್ತಿದ್ದಾಳೆ ಎಂದುಕೊಳ್ಳುತ್ತ ಎಣ್ಣೆಯನ್ನು ಅಪ್ಪನ ಕೈಗೇ ಹಚ್ಚಿಬಿಟ್ಟೆ.

"ಎಲ್ಲಿದ್ದೀಯಾ ತಾಯಿ?"

"ಇಲ್ಲೇ ಅಪ್ಪಾ."

"ಇಲ್ಲಿದ್ರೆ ಸರಿ."

ಸಂಜೆಗೆ ತಿರುಪು ಮುಗಿಯಿತು. ಹೊಸ ಬೆಳ್ಳಿ ಕಾಲುಂಗುರದಂತೆ ಹೊಳೆಯುತ್ತಿತ್ತು. ಅಪ್ಪ ಅದನ್ನು ಒರಳಿನ ನಟ್ಟಿಗೆ ಇಟ್ಟು ತಿರುಗಿಸಿದರು. ಕಾಲು ಸುತ್ತು ಹೋಗಿ ಕಚ್ಚಿಕೊಂಡಿತು.

ಹೊಸದು, ಬಿಗಿ ಇರುತ್ತದೆ ಎಂದು ಲೇತಿಗೆ ಕೊಟ್ಟು ಕೂದಲೆಳೆಯಷ್ಟು ಕೆರೆದರು. ಕಾಲು ಸುತ್ತು ಹೋಗಿ ನಿಂತಿತು. ಮತ್ತೆ ಕೆರೆದರು. ಸೋಮವಾರ ಶಿಫ್ಟು ಮುಗಿಸಿ ಬಂದು ಕೆರೆದರು, ಮಂಗಳವಾರವೂ ಕೆರೆದರು. ಬುಧವಾರದ ಹೊತ್ತಿಗೆ ಹಲ್ಲುಗಳು ಎಷ್ಟು ತೆಳ್ಳಗಾದವೆಂದರೆ ತಿರುಪು ನಟ್ಟಿನಲ್ಲಿ ಲಟಲಟ ಅಲ್ಲಾಡುತ್ತಿತ್ತು, ಆದರೂ ಅರ್ಧ ಸುತ್ತಿಗೆ ಕಚ್ಚಿಕೊಳ್ಳುತ್ತಿತ್ತು. ಹಾಗೆ ಆಗಬಾರದು. ಸಡಿಲವೂ ಹೌದು, ಬಿಗಿಯೂ ಹೌದು. ಅಪ್ಪ ವರ್ನಿಯರನ್ನು ಒರೆಸಿ ಒರೆಸಿ ನೋಡಿದರು, ತಪ್ಪು ಅದರದ್ದೇ ಎಂಬಂತೆ.

ಗುರುವಾರ ಪಾಪಯ್ಯ ಬೇಲಿಯ ಮೇಲಿಂದ ಕತ್ತು ಚಾಚಿದ. "ಏನಣ್ಣೋ, ಇಪ್ಪತ್ತೆಂಟು ವರ್ಷದ ಕೈ ಏನಂತೈತೆ? ತಕ್ಕಡಿ ತರ್ಲಾ?"

"ನಿನ್ನ ತಲೆ ತೂಗ್ಬೇಕು, ಅದಕ್ಕೆ ತಕ್ಕಡಿ ಬ್ಯಾಡ, ಬರೀ ಕೈ ಸಾಕು" ಎಂದ ಅಪ್ಪನ ದನಿಯಲ್ಲಿ ನಗು ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ ರಜೆ ಹಾಕಿ ಉಳಿದರು. ಉಳಿದಿದ್ದ ಒಂದೇ ಒಂದು ತುಂಡು ಶಾಫ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು. "ನಟ್ಟೇ ಸರಿಯಿಲ್ಲ. ಅದನ್ನ ಕಿತ್ತು ಹೊಸ ನಟ್ಟು, ಹೊಸ ತಿರುಪು ಎರಡೂ ಇಂಚಿಗೆ ನಾಲ್ಕರಂತೆ ಮಾಡ್ಬುಡ್ತೀನಿ. ಆದ್ರೆ ಹಿತ್ತಾಳೆ ಸಿಗೋದಕ್ಕೆ ಒಂದೆರಡು ತಿಂಗ್ಳು ಆಗ್ಬೋದು. ಕೊಳವೆ ಐದು ಇಂಚು ಆಳ. ಇಪ್ಪತ್ತು ಸುತ್ತು ಸುತ್ತುದ್ರೆ ತಳ ಮುಟ್ತದೆ."

ಒಂದೆರಡು ತಿಂಗಳು ಎಂಬ ಮಾತು ಎದೆಗೆ ತಾಗಿತು. ಅದಾದ ಮೇಲೆ ಇಪ್ಪತ್ತು ಎಂಬ ಮಾತು ನಿಧಾನವಾಗಿ ಒಳಗಿಳಿಯಿತು. ನಾನು ಗುಲಾಬಿ ತೋಟದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಹೂವನ್ನು ಗಟ್ಟಿಯಾಗಿ ಎಣಿಸುತ್ತ ಇಪ್ಪತ್ತರ ಕಟ್ಟು ಕಟ್ಟುತ್ತಾರೆ. ಇಪ್ಪತ್ತು ಅಂದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ನನ್ನ ಕಿವಿಗೆ ಗೊತ್ತು. ಚಿಕ್ಕವಳಾಗಿ ಒರಳಿನ ಹಿಡಿಗೆ ಜೋತುಬಿದ್ದು, ನನ್ನ ಕೈಯ ಮೇಲೆ ಅಮ್ಮನ ಕೈಯಿಟ್ಟು ತಿರುಗಿಸಿದ ಆ ಸುತ್ತುಗಳು ಅಷ್ಟು ಹೊತ್ತಿನವಲ್ಲ.

"ಅಪ್ಪಾ, ಇಪ್ಪತ್ತಲ್ಲ. ನಮ್ಮ ಒರಳಿಗೆ ಅಷ್ಟೊಂದು ಹೂಂ ಇರ್ಲಿಲ್ಲ."

"ಹೂಂ ಅಂದ್ರೆ?" ಶಾವಿಗೆ ಒತ್ತುವ ದಿನ ಅಪ್ಪ ಒರಳಿನ ಹತ್ತಿರ ಕೂತವರೇ ಅಲ್ಲ.

"ಒಂದು ಹೂಂಗೆ ಒಂದು ಸುತ್ತು. ಬೇಗ ಮುಗಿದುಹೋಗ್ತಿತ್ತು."

"ಕತೆ ಲೆಕ್ಕ ತಂದು ನನ್ನ ಲೇತಿಗೆ ಹಾಕ್ಬೇಡ ಭೂಮಿ. ಸ್ಕೇಲು ಸುಳ್ಳು ಹೇಳಲ್ಲ."

ನಾನು ಒರಳನ್ನು ದರದರ ಎಳೆದುಕೊಂಡು ಹೋಗಿ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಅಜ್ಜಿಯ ಮುಂದೆ ಇಟ್ಟೆ. ತಿರುಪಿಲ್ಲ, ಹಿಟ್ಟಿಲ್ಲ, ಬರೀ ಖಾಲಿ ಕೊಳವೆ. ಅವಳ ಎಡಗೈ ಹಿಡಿದು ಹಿತ್ತಾಳೆಯ ಮೇಲೆ ಇಟ್ಟೆ. ಬೆರಳುಗಳು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತಾವಾಗಿ ಹರಡಿಕೊಂಡು ಕೂತವು. ನಾನು ಗಾಳಿಯಲ್ಲೇ ಹಿಡಿ ಹಿಡಿದವಳಂತೆ ನಿಂತೆ.

"ಏನೇ, ಉಂಡೆ ಬೆಂದ್ವಾ?" ಅಂದಳು ಅಜ್ಜಿ.

"ಬೆಂದವೆ. ತುಂಬಿದೀನಿ. ಹೇಳು."

"ಒಂದೂರಲ್ಲಿ ಇಬ್ರು ಅಕ್ಕತಂಗೀರು."

"ಹೂಂ." ಗಾಳಿಯಲ್ಲಿ ಒಂದು ಸುತ್ತು.

"ಒಂದು ಮೊಳ ಕನಕಾಂಬರಕ್ಕೆ ಜಗಳ ಆಡ್ಕೊಂಡ್ರು."

"ಹೂಂ."

"ನೀನು ನಡ್ಯೋ ದಾರೀಲಿ ನಾನು ನಡ್ಯಕ್ಕಿಲ್ಲ ಅಂದ್ಳು ಅಕ್ಕ."

"ಹೂಂ."

"ನೀನು ನಡೆದ ದಾರಿ ಮ್ಯಾಲೆ ನಾನು ಉಗಿಯೋದೂ ಇಲ್ಲ ಅಂದ್ಳು ತಂಗಿ."

ಅಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದಳು. ಅಪ್ಪ ವರ್ನಿಯರ್ ಹಿಡಿದೇ ಶೆಡ್ಡಿನಿಂದ ಬಂದು ಕಂಬಕ್ಕೆ ಒರಗಿದರು. ಅಜ್ಜಿಗೆ ಯಾರೂ ಕಾಣುತ್ತಿರಲಿಲ್ಲ. ಅಕ್ಕತಂಗಿಯರ ಅಮ್ಮ ಬೆಟ್ಟದ ಮೇಲಿನ ಬಂಡೆಯ ದೊಣೆಯಿಂದ ನೀರು ತರಲು ಹೇಳಿದಳು, ಐದನೆಯ ಹೂಂ. ಅಕ್ಕ ಮೂಡಲ ಕಡೆಯಿಂದ ಹತ್ತಿದಳು, ಆರು. ತಂಗಿ ಪಡುವಲ ಕಡೆಯಿಂದ ಹತ್ತಿದಳು, ಏಳು. ಎರಡು ದಾರಿಯೂ ಬೆಟ್ಟವನ್ನು ಸುತ್ತಿಕೊಂಡೇ ಮೇಲೆ ಹೋಗುತ್ತವೆ, ಎಂಟು.

"ತಂಗಿ ತಲೆ ಎತ್ತಿ ನೋಡಿದ್ಳು. ನೆತ್ತಿ ಮ್ಯಾಲೆ ಒಂದು ದಾರಿ ಕಾಣ್ತು."

"ಹೂಂ."

"ಇನ್ನೊಂದು ಸುತ್ತು ಹೋದ್ರೆ ನಾನು ಅಲ್ಲಿರ್ತೀನಿ ಅನ್ಕೊಂಡ್ಳು."

"ಹೂಂ."

ಅಜ್ಜಿಯ ಕೈ ಕೊಳವೆಯನ್ನು ಎರಡು ಸಲ ತಟ್ಟಿತು. "ಆಯ್ತು. ತುಂಬು" ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

"ಆಮೇಲಜ್ಜಿ?"

"ತುಂಬ್ದೆ ಎಂಗೆ ಹೇಳ್ಳಿ?" ಎಂದು ಬಿಸಿಲಿಗೆ ಕಣ್ಣು ಮುಚ್ಚಿದಳು. ಒಂದು ಗಳಿಗೆಯಾದ ಮೇಲೆ ಒರಳನ್ನು ನೋಡಿ, "ಇದ್ಯಾರದೇ ಇದು?" ಅಂದಳು.

ಅಪ್ಪ ಬೆರಳು ಮಡಚಿ ನಿಂತಿದ್ದರು. "ಇನ್ನೊಂದು ಸಲ ಹೇಳ್ಸು" ಎಂದು ಪಿಸುಗುಟ್ಟಿದರು. ನಾನು ಮತ್ತೆ ಅಜ್ಜಿಯ ಕೈ ಇಟ್ಟೆ. ಮತ್ತೆ ಅದೇ ಮಾತುಗಳು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹತ್ತನೆಯ ಹೂಂಗೆ ಕೈ ತಟ್ಟಿತು.

"ಹತ್ತು" ಅಂದರು ಅಪ್ಪ. "ಹತ್ತು ಸುತ್ತಿಗೆ ಐದು ಇಂಚು. ಅಂದ್ರೆ ಒಂದು ಸುತ್ತಿಗೆ ಅರ್ಧ ಇಂಚು ಇಳೀಬೇಕು. ನನ್ನದು ಕಾಲು ಇಂಚು ಇಳೀತದೆ." ಹಳೆಯ ತಿರುಪನ್ನು ಶೆಡ್ಡಿನಿಂದ ತಂದರು. ಆಮೇಲೆ, "ಕಮಲಾ, ಸೂಜಿ ದಾರದ ಉಂಡೆ ಕೊಡೇ" ಎಂದು ಕೂಗಿದರು.

ಹಳೆಯ ತಿರುಪಿನ ಹಲ್ಲುಗಳ ನಡುವಿನ ಒಂದು ಸಂದಿಗೆ ಕೆಂಪು ದಾರದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸಂದಿ ಹೋದ ದಾರಿಯಲ್ಲೇ ದಾರವನ್ನು ಸುತ್ತುತ್ತ ಹೋದರು. ಒಂದು ಸುತ್ತು ಮುಗಿಸಿ ದಾರ ಹೊರಟ ಕಡೆಗೇ ಬಂತು. ಆದರೆ ಪಕ್ಕದ ಸಂದಿಗೆ ಬರಲಿಲ್ಲ. ನಡುವೆ ಒಂದು ಸಂದಿಯನ್ನು ಖಾಲಿ ಬಿಟ್ಟು ಅದರಾಚೆಗೆ ಬಂತು. ಪೂರ್ತಿ ಸುತ್ತಿದ ಮೇಲೂ ಒಂದು ಬಿಟ್ಟು ಒಂದು ಸಂದಿ ಕೆಂಪು, ಉಳಿದವು ಕಪ್ಪು.

"ಥೂ ನನ್ನ!" ಎಂದು ಅಪ್ಪ ಹಣೆ ಚಚ್ಚಿಕೊಂಡರು. "ಎರಡು ಎಳೆ ಕಣೆ ಇದು! ಒಂದರ ಜೊತೇಲಿ ಒಂದು ಸುತ್ಕೊಂಡು ಹೋಗವೆ. ನಾನು ಅಕ್ಕಪಕ್ಕದ ಹಲ್ಲು ಎಣಿಸಿ ಎಲ್ಲಾ ಒಂದೇ ಅನ್ಕೊಂಡೆ. ವರ್ಷಗಟ್ಲೆ ಬೋಲ್ಟು ಮಾಡಿ ಮಾಡಿ ಕಣ್ಣಿಗೆ ಒಂದೆಳೆ ಬಿಟ್ರೆ ಬೇರೆ ಕಾಣದಂಗಾಗೈತೆ."

"ಸ್ಕೇಲು ಸುಳ್ಳು ಹೇಳಲ್ಲ ಅಂದ್ರಲ್ಲ?" ಅಂದಳು ಅಮ್ಮ.

"ಸುಳ್ಳು ಹೇಳ್ಲಿಲ್ಲ. ನಾನು ಕೇಳಿದ್ದಷ್ಟಕ್ಕೆ ಉತ್ತರ ಕೊಡ್ತು."

ಕೊನೆಯ ತುಂಡನ್ನು ಲೇತಿಗೆ ಹಿಡಿಸಿದರು. ಗೇರು ಬದಲಾಯಿಸಿ ಒಂದು ಸುತ್ತಿಗೆ ಅರ್ಧ ಇಂಚು ಸರಿಯುವಂತೆ ಮಾಡಿ ಮೊದಲ ಎಳೆಯನ್ನು ಕೊರೆದರು. ಅದು ಮುಗಿದಾಗ ತಿರುಪು ವಿಚಿತ್ರವಾಗಿ ಕಾಣುತ್ತಿತ್ತು. ಎರಡು ಸುತ್ತಿನ ನಡುವೆ ಅಗಲವಾದ ಬಯಲು, ಯಾರೋ ಬರಬೇಕಾಗಿದ್ದವರು ಬಂದಿಲ್ಲ ಎಂಬಂತೆ. ಎರಡನೆಯ ಎಳೆ ಸರಿಯಾಗಿ ಅರ್ಧ ಸುತ್ತಿನಾಚೆ ಶುರುವಾಗಬೇಕು. ಲೇತಿನ ಮೇಲಿನ ಗೇರಿಗೆ ನಲವತ್ತು ಹಲ್ಲು. ಅಪ್ಪ ಒಂದಕ್ಕೆ ಸುಣ್ಣದ ಗುರುತು ಹಾಕಿ, ಇಪ್ಪತ್ತು ಎಣಿಸಿ ಇನ್ನೊಂದಕ್ಕೆ ಹಾಕಿದರು. ಗೇರನ್ನು ಬಿಡಿಸಿ, ತಿರುಪನ್ನು ಸರಿಯಾಗಿ ಅರ್ಧ ಸುತ್ತು ತಿರುಗಿಸಿ, ಎರಡನೆಯ ಗುರುತಿಗೆ ಮತ್ತೆ ಕೂರಿಸಿದರು. ಒಂದು ಹಲ್ಲು ತಪ್ಪಿದರೂ ಒಂದು ಎಳೆ ಇನ್ನೊಂದರ ಮೈಮೇಲೆ ಹತ್ತುತ್ತದೆ. ಇನ್ನೊಂದು ತುಂಡು ಕಬ್ಬಿಣ ಇಲ್ಲ.

"ನೀನೂ ಎಣ್ಸು" ಅಂದರು. ನಾನೂ ಎಣಿಸಿದೆ. ಇಪ್ಪತ್ತು.

"ಎಲ್ಲಿದ್ದೀಯಾ?"

"ಇಲ್ಲೇ ಅಪ್ಪಾ."

ನಿಜಕ್ಕೂ ನಾನು ಬೆಟ್ಟದ ಬುಡದಲ್ಲಿದ್ದೆ, ಪಡುವಲ ಕಡೆಯಲ್ಲಿ. ಉಳಿ ಉಕ್ಕನ್ನು ಮುಟ್ಟಿತು. ಎರಡನೆಯ ದಾರಿ ಮೊದಲನೆಯದರ ಮಗ್ಗುಲಲ್ಲೇ ಹತ್ತುತ್ತ ಹೊರಟಿತು, ಎಲ್ಲಿಯೂ ತಾಕದೆ.

ಕರೆಂಟು ಹೋಗುವ ಹೊತ್ತಿಗೆ ಕೊನೆಯ ಕೆರೆತ ಮುಗಿದಿತ್ತು. ಅಪ್ಪ ತಿರುಪಿಗೆ ಹಳೆಯ ಹಿಡಿಯನ್ನು ಸೇರಿಸಿ, ಎಣ್ಣೆ ಹಚ್ಚಿ ನಟ್ಟಿಗೆ ಇಟ್ಟರು. ಕೈ ಬಿಟ್ಟರು. ಅದು ತನ್ನ ಭಾರಕ್ಕೇ ಮೆಲ್ಲಗೆ ಸುತ್ತುತ್ತ ಇಳಿಯಿತು, ನೀರಿಗಿಳಿಯುವವಳಂತೆ.

ಭಾನುವಾರ ಅಮ್ಮ ರಾಗಿ ಹಿಟ್ಟು ಕಲಸಿ ಉಂಡೆ ಬೇಯಿಸಿದಳು. ಅಜ್ಜಿಯನ್ನು ಗೋಡೆಗೆ ದಿಂಬು ಕೊಟ್ಟು ಕೂರಿಸಿದೆವು. ಹಿಡಿ ನನ್ನ ಕೈಯಲ್ಲಿ. ಅಜ್ಜಿಯ ಕೈ ಬಿಸಿ ಹಿತ್ತಾಳೆಯ ಮೇಲೆ ಕೂತದ್ದೇ ತಡ, ಕತೆ ಶುರುವಾಯಿತು. ಹತ್ತು ಹೂಂ, ಕೊಳವೆ ಖಾಲಿ. ಅಮ್ಮ ಮೊದಲ ತಟ್ಟೆಗೆ ಕಾಯಿಹಾಲು ಸುರಿದು ನನ್ನ ಮುಂದೆ ಹಿಡಿದಳು. ನಾನು ಹಿಡಿ ಬಿಡಲಿಲ್ಲ.

"ತಣ್ಣಗಾಗ್ತದೆ ಕಣೆ."

"ಆಗ್ಲಿ. ತುಂಬಮ್ಮ."

ಆ ತಟ್ಟೆ ಅಪ್ಪನ ಕೈಗೆ ಹೋಯಿತು. ಎರಡನೆಯ ತುಂಬಿನ ಮೊದಲ ಮಾತಿಗೆ ಅಜ್ಜಿ ದನಿ ತಗ್ಗಿಸಿದಳು.

"ಮ್ಯಾಲೆ ಕಂಡ ದಾರಿ ಅವಳ್ದಲ್ಲ. ಅದು ಅಕ್ಕನ ದಾರಿ."

ಬಾಗಿಲಲ್ಲಿ ನಿಂತಿದ್ದ ಅಪ್ಪನ ತುತ್ತು ಬಾಯಿಗೆ ಹೋಗದೆ ನಿಂತಿತು. "ಇದನ್ನ ಹೋದ ವಾರಾನೇ ಹೇಳಿದ್ರೆ ಒಂದು ಶಾಫ್ಟು ಉಳೀತಿತ್ತಲ್ಲಮ್ಮಾ!"

"ಹೂಂ ಅನ್ನೋರ್ನ ಬಿಟ್ಟು ಬೇರೆಯೋರು ಮಾತಾಡ್ಬಾರ್ದು" ಎಂದು ಅಜ್ಜಿ ಗದರಿಸಿದಳು.

ಮೂರನೆಯ ತುಂಬಿನಲ್ಲಿ ಮಂಜು ಕವಿಯಿತು, ಒಬ್ಬಳಿಗೆ ಒಬ್ಬಳು ಕಾಣಲಿಲ್ಲ. ನಾಲ್ಕನೆಯದರಲ್ಲಿ ಅಕ್ಕನ ಕಾಲಿಗೆ ಮುಳ್ಳು ಚುಚ್ಚಿತು, ತಂಗಿಯ ಬಿಂದಿಗೆ ಬಿರುಕು ಬಿಟ್ಟಿತು. ನಾನು ಕಟ್ಟಿಕೊಂಡಿದ್ದ ಮೋಡ, ಬಂಡೆ, ಓಲೆ ಯಾವುದೂ ಅಲ್ಲಿರಲಿಲ್ಲ. ಐದನೆಯ ತುಂಬಿನ ಎಂಟನೆಯ ಹೂಂ ಆದ ಮೇಲೆ ಅಜ್ಜಿಯ ಮಾತು ನಿಂತಿತು. ಕಣ್ಣು ಗೋಡೆಯ ಕಡೆಗೆ ಹೋಯಿತು. ಹಿಟ್ಟು ಆರುತ್ತಿತ್ತು.  ಹೇಳಿಕೊಡಲು ನನಗೆ ಗೊತ್ತಿರಲಿಲ್ಲ. ಸುಮ್ಮನೆ "ಹೂಂ" ಅಂದು ಅರ್ಧ ಸುತ್ತು ಮಾತ್ರ ತಿರುಗಿಸಿದೆ. ಹಿತ್ತಾಳೆ ಅವಳ ಅಂಗೈಯಡಿ ಸಣ್ಣಗೆ ನಡುಗಿತು.

"ಇಬ್ರೂ ತುದಿಗೆ ಬಂದ್ರು" ಎಂದಳು ಅಜ್ಜಿ, ಕೈಯ ಕಡೆ ನೋಡುತ್ತ. "ದೊಣೆ ಒಂದೇ. ಆ ಕಡೆ ಅವಳು, ಈ ಕಡೆ ಇವಳು."

"ಹೂಂ."

"ಮಂಜಲ್ಲಿ ಏನೂ ಕಾಣ್ಲಿಲ್ಲ ಕಣೆ. ನಿನ್ನ ಬಳೆ ಸದ್ದು ಮಾತ್ರ ಕೇಳ್ತಿತ್ತು. ನೀನು ಮುಂದೆ ಹೋಗ್ಬುಟ್ಟೆ ಅನ್ಕೊಂಡೇ ಹತ್ತಿದೆ. ಇಲ್ದಿದ್ರೆ ಅರ್ಧದಾಗೆ ಕುಂತ್ಬುಡ್ತಿದ್ದೆ ರಾಮಕ್ಕ."

ಹಾಗೆ ಹೇಳಿದ್ದು ಕತೆಯ ತಂಗಿಯೋ ಅಜ್ಜಿಯೋ ನನಗೆ ತಿಳಿಯಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನುವುದನ್ನು ಮರೆತು ಹಿಡಿಯನ್ನು ತಿರುಗಿಸಿದೆ. ನನ್ನ ಕೈಯ ಗಾಜಿನ ಬಳೆಗಳು ಕಬ್ಬಿಣಕ್ಕೆ ತಾಗಿ ಸದ್ದು ಮಾಡಿದವು. ತಿರುಪು ತಳ ಮುಟ್ಟಿತು.

"ಆಮೇಲಜ್ಜಿ?"

"ಆಮೇಲೇನು? ಹಸಿವಾಗಿತ್ತು, ಉಂಡ್ರು" ಎಂದು ಕೊಳವೆಯನ್ನು ಎರಡು ಸಲ ತಟ್ಟಿದಳು. "ನೀನೂ ಉಣ್ಣು ಹೋಗು."